ಕೂಗಳತೆಯ ದೂರ

ಅರವತ್ತಾರು ವಯಸ್ಸಿನ ನಿವೃತ್ತ ಕನ್ನಡ ಅಧ್ಯಾಪಕನೊಬ್ಬ ಕಾಡಿನ ಕಡಿದಾದ ಹಾದಿಯಲ್ಲಿ ಓಡಿದನೆಂದು ಹೇಳಿದರೆ, ಕೇಳಿದವರ ಬಾಯಿಂದ ಹೊರಡುವ ಮೊದಲ ಪ್ರಶ್ನೆ, ‘ಅಟ್ಟಿಸಿಕೊಂಡು ಬಂದದ್ದು ಆನೆಯೋ ಕರಡಿಯೋ?’ ಎಂಬುದು. ಎರಡೂ ಅಲ್ಲ. ಅಟ್ಟಿಸಿಕೊಂಡು ಹೋದವನು ನಾನೇ. ಹೋದದ್ದು ಚೂರು ಕಾಗದದ ಹಿಂದೆ. ಜೀವಮಾನವೆಲ್ಲ ಕಾಗದದ ಬೆನ್ನುಹತ್ತಿದವರಿಗೆ ಇದು ತಕ್ಕ ಆಟವೇ ಎಂದು ನನ್ನ ಹೆಂಡತಿ ಅಂದಳು.

2023ರ ಜುಲೈ ತಿಂಗಳಲ್ಲಿ ನಾವಿಬ್ಬರೂ ಮಲೇಷ್ಯದ ಕೌಲಾಲಂಪುರದಲ್ಲಿ, ಮಗನ ಮನೆಯಲ್ಲಿ ಇದ್ದೆವು. ವಾರಕ್ಕೊಂದು ಸಂಜೆ ಅವನು ಕಚೇರಿಯಿಂದ ನೇರವಾಗಿ ಎಲ್ಲಿಗೋ ಹೋಗಿ, ರಾತ್ರಿ ಹತ್ತರ ಮೇಲೆ ಮೈಯೆಲ್ಲ ಕೆಸರಾಗಿ, ಜಿಗಣೆ ಕಚ್ಚಿದ ಕಾಲಿನಿಂದ ರಕ್ತ ಸುರಿಸುತ್ತ, ಆದರೂ ಹಸನ್ಮುಖಿಯಾಗಿ ಮನೆಗೆ ಬರುತ್ತಿದ್ದ. ಏನೋ ಇದು ಎಂದು ವಿಚಾರಿಸಿದರೆ, ‘ಹ್ಯಾಷ್, ಅಪ್ಪ’ ಎಂದ. ನನ್ನ ಎದೆ ಧಸಕ್ಕೆಂದಿತು. ಮಾದಕವಸ್ತುಗಳ ವಿಷಯದಲ್ಲಿ ಆ ದೇಶದ ಕಾನೂನು ಎಷ್ಟು ಕಠೋರವೆಂಬುದನ್ನು ನಾನು ಬಲ್ಲೆ. ಮಗ ಬಹಳ ಹೊತ್ತು ನಕ್ಕು, ಆಮೇಲೆ ಕತೆಯನ್ನೆಲ್ಲ ಹೇಳಿದ.

ಕತೆ ಸ್ವಾರಸ್ಯವಾಗಿದೆ. ಇಂಗ್ಲೆಂಡಿನ ಶಾಲೆಗಳಲ್ಲಿ ಹತ್ತೊಂಬತ್ತನೆಯ ಶತಮಾನದಿಂದಲೂ ಮೊಲ-ಬೇಟೆನಾಯಿ ಎಂಬ ಆಟವೊಂದು ನಡೆಯುತ್ತಿತ್ತು. ಒಬ್ಬಿಬ್ಬರು ಹುಡುಗರು ಮೊಲಗಳಾಗಿ ಕಾಗದದ ಚೂರುಗಳನ್ನು ಚೆಲ್ಲುತ್ತ ಓಡುವುದು. ಉಳಿದವರು ನಾಯಿಗಳಾಗಿ ಆ ಜಾಡನ್ನು ಹಿಡಿದು ಹೊಲಗದ್ದೆ ಹಾಯ್ದು ಬೆನ್ನಟ್ಟುವುದು. 1857ರಲ್ಲಿ ಅಚ್ಚಾದ ಥಾಮಸ್ ಹ್ಯೂಸ್‌ನ ‘ಟಾಮ್ ಬ್ರೌನ್ಸ್ ಸ್ಕೂಲ್ ಡೇಸ್’ ಎಂಬ ಕಾದಂಬರಿಯಲ್ಲಿ ಅದರ ವರ್ಣನೆಯಿದೆ. ಆಂಗ್ಲರು ಹೋದಲ್ಲೆಲ್ಲ ತಮ್ಮ ಆಟಗಳನ್ನು ಕೊಂಡೊಯ್ದರಷ್ಟೆ. ಇದೂ ಮಲಯಕ್ಕೆ ಬಂತು. 1938ರಲ್ಲಿ ಕೌಲಾಲಂಪುರದಲ್ಲಿ ಎ. ಎಸ್. ಗಿಸ್ಪರ್ಟ್ ಎಂಬ ಲೆಕ್ಕಪರಿಶೋಧಕ, ಕೆಲವು ಗೆಳೆಯರನ್ನು ಕಟ್ಟಿಕೊಂಡು, ಅದಕ್ಕೆ ಸಂಘದ ರೂಪ ಕೊಟ್ಟ. ಆ ಅವಿವಾಹಿತ ತರುಣರಲ್ಲಿ ಹಲವರು ವಾಸವಿದ್ದದ್ದು ಸೆಲಂಗೂರ್ ಕ್ಲಬ್ಬಿಗೆ ಸೇರಿದ ಕಟ್ಟಡವೊಂದರಲ್ಲಿ. ಅಲ್ಲಿಯ ಊಟ ಬಲು ಸಪ್ಪೆ. ಮಾಂಸ, ಆಲೂಗೆಡ್ಡೆಗಳನ್ನು ಕೊಚ್ಚಿ ಕಲಸಿದ ಅಡುಗೆಗೆ ಇಂಗ್ಲಿಷಿನಲ್ಲಿ ‘ಹ್ಯಾಷ್’ ಎಂದು ಹೆಸರು. ಆದ್ದರಿಂದ ಆ ಊಟದ ಮನೆ ‘ಹ್ಯಾಷ್ ಹೌಸ್’ ಆಯಿತು. ಮೊಲದ ಬೇಟೆಯ ನಾಯಿಗಳಾದ ‘ಹ್ಯಾರಿಯರ್ಸ್’ ಎಂಬುದು ಸೇರಿ ಸಂಘದ ಹೆಸರಾಯಿತು. ಕೆಟ್ಟ ಊಟದ ಹೆಸರನ್ನು ಇಷ್ಟು ಅಭಿಮಾನದಿಂದ ಮೆರೆಸಿದ ಸಂಸ್ಥೆ ಮತ್ತೊಂದಿರಲಾರದು. ನಮ್ಮ ಹಾಸ್ಟೆಲುಗಳ ಹುಡುಗರಿಗೆ ಇದು ಹೊಳೆಯಲಿಲ್ಲವಲ್ಲ ಎಂದುಕೊಂಡೆ!

1950ರಲ್ಲಿ ಸಂಘವನ್ನು ಕಾನೂನಿನಂತೆ ನೋಂದಾಯಿಸಬೇಕಾಗಿ ಬಂದಾಗ ಅವರು ತಮ್ಮ ಧ್ಯೇಯಗಳನ್ನು ಬರೆದುಕೊಟ್ಟರು. ದೇಹದಾರ್ಢ್ಯ ಒಂದು, ವಾರಾಂತ್ಯದ ಕುಡಿತದ ಜಡ್ಡನ್ನು ಕಳೆಯುವುದು ಇನ್ನೊಂದು, ಒಳ್ಳೆಯ ಬಾಯಾರಿಕೆಯನ್ನು ಸಂಪಾದಿಸಿ ಅದನ್ನು ಬೀರಿನಿಂದ ತಣಿಸುವುದು ಮತ್ತೊಂದು. ಕೊನೆಯದು ಮಾತ್ರ ನನ್ನ ಮನಸ್ಸನ್ನು ಸೆಳೆಯಿತು: ವಯಸ್ಸಾದ ಸದಸ್ಯರಿಗೆ, ತಾವು ಭಾವಿಸಿದಷ್ಟು ಮುದುಕರು ತಾವಲ್ಲ ಎಂಬುದನ್ನು ಮನಗಾಣಿಸುವುದು. ‘ನಾನೂ ಒಂದು ದಿನ ಬರುತ್ತೇನೆ ಕಣೋ’ ಎಂದುಬಿಟ್ಟೆ. ಮೂಲದ ಸಂಘ ಗಂಡಸರದ್ದೇ ಆದರೂ, ಆಮೇಲೆ ಹುಟ್ಟಿಕೊಂಡ ಹಲವು ಸಂಘಗಳಲ್ಲಿ ಹೆಂಗಸರೂ ಮಕ್ಕಳೂ ಇದ್ದಾರೆ. ಮಗನ ಸಂಘ ಅಂಥದು. ಮಲಯರು, ಚೀನಿಯರು, ತಮಿಳರು, ಕೆಲವರು ಯೂರೋಪಿನವರು, ಒಬ್ಬ ಕನ್ನಡಿಗ.

ಆಟದ ಮರ್ಮವನ್ನು ಶ್ರೋತೃಗಳು ತುಸು ತಾಳ್ಮೆಯಿಂದ ಕೇಳಬೇಕು. ಮೊಲವಾದವನು ಮೊದಲೇ ಕಾಡಿಗೆ ಹೋಗಿ, ಗಿಡದ ಕವಲಿನಲ್ಲಿ, ಬೇರಿನ ಮೇಲೆ, ಹತ್ತಾರು ಹೆಜ್ಜೆಗೊಂದರಂತೆ ಕಾಗದದ ಚೂರುಗಳನ್ನಿಟ್ಟು ಬಂದಿರುತ್ತಾನೆ. ಜಾಡು ಸಿಕ್ಕವನು ‘ಆನ್ ಆನ್’ ಎಂದು ಕೂಗುತ್ತಾನೆ. ಹಿಂದಿನವರು ಅದನ್ನು ಕೇಳಿ ಮುಂದುವರಿಯುತ್ತಾರೆ. ಆದರೆ ಅಲ್ಲಲ್ಲಿ ಕಾಗದ ಥಟ್ಟನೆ ಮುಗಿದುಹೋಗುತ್ತದೆ. ನಿಜವಾದ ಜಾಡು ಎಡಕ್ಕೋ ಬಲಕ್ಕೋ ನೂರಾರು ಹೆಜ್ಜೆಯಾಚೆ ಎಲ್ಲೋ ಮತ್ತೆ ತೊಡಗುತ್ತದೆ. ಮುಂದಿದ್ದವರು ದಿಕ್ಕುದಿಕ್ಕಿಗೆ ಚೆದುರಿ ಹುಡುಕಬೇಕು. ಒಮ್ಮೊಮ್ಮೆ ಸುಳ್ಳು ಜಾಡೂ ಇರುತ್ತದೆ. ಉತ್ಸಾಹದಿಂದ ಗುಡ್ಡದ ನೆತ್ತಿಯವರೆಗೆ ಓಡಿದ ಶೂರನು ಅಲ್ಲಿ ಏನೂ ಇಲ್ಲದೆ ಇಳಿದು ಬರಬೇಕು. ಅಷ್ಟರಲ್ಲಿ, ಏದುಸಿರು ಬಿಡುತ್ತ ಹಿಂದೆ ಬರುತ್ತಿದ್ದವರು ಬಂದು ಸೇರಿರುತ್ತಾರೆ. ಹೀಗೆ, ಮೊಲ ಜಾಣನಾದರೆ, ಎಲ್ಲಕ್ಕಿಂತ ವೇಗದವನೂ ಎಲ್ಲಕ್ಕಿಂತ ನಿಧಾನದವನೂ ಸ್ವಲ್ಪ ಹೆಚ್ಚುಕಡಮೆ ಒಂದೇ ಹೊತ್ತಿಗೆ ಗುರಿ ಮುಟ್ಟುತ್ತಾರೆ. ಗೆದ್ದವರೆಂಬವರು ಯಾರೂ ಇಲ್ಲ.

ನಮ್ಮ ಕಾವ್ಯಗಳಲ್ಲಿ ಬೇಟೆಗೇನೂ ಬರವಿಲ್ಲ. ರಾಘವಾಂಕನ ಹರಿಶ್ಚಂದ್ರ ಬೇಟೆಗೆ ಹೊರಟು, ಮಾಯದ ಹಂದಿಯ ಹೆಜ್ಜೆ ಹಿಡಿದು, ವಿಶ್ವಾಮಿತ್ರನ ಆಶ್ರಮವನ್ನು ಹೊಕ್ಕ. ಅಲ್ಲಿಂದ ಅವನ ಕಷ್ಟಗಳೆಲ್ಲ ಮೊದಲಾದವು. ಅಲ್ಲಿ ಸುಳ್ಳು ಜಾಡು ಕೇಡಿನ ಬಾಗಿಲು. ಇಲ್ಲಿಯಾದರೋ ಅದು ಹಿಂದುಳಿದವನ ಮೇಲಣ ದಯೆ. ಈ ಭೇದವನ್ನು ನಾನು ಪುಸ್ತಕದಲ್ಲಿ ಓದಿ ಅರಿತದ್ದಲ್ಲ, ಕಾಲಿನಿಂದ ಅರಿತದ್ದು.

ನಗರದಿಂದ ಆಚೆ, ಉಲು ಲಾಂಗಾಟ್ ಕಡೆಯ ಗುಡ್ಡಗಳು. ಸಂಜೆ ಆರಕ್ಕೆ ಹೊರಟೆವು. ಮೊದಲು ರಬ್ಬರ್ ತೋಟ. ಅದು ಮುಗಿಯುತ್ತಿದ್ದಂತೆ ಕಾಡು. ಹಿಂದಿನ ದಿನ ಮಳೆಯಾಗಿ ಕೆಮ್ಮಣ್ಣು ಬೆಣ್ಣೆಯಂತಾಗಿತ್ತು. ಏರು ಎಂಥದೆಂದರೆ, ನನ್ನ ಮುಂದಿದ್ದವನ ಹಿಮ್ಮಡಿ ನನ್ನ ಮೂಗಿನ ಮಟ್ಟಕ್ಕಿತ್ತು. ಬೇರು ಹಿಡಿದು, ಬಳ್ಳಿ ಹಿಡಿದು, ಕೊನೆಗೆ ಮಣ್ಣನ್ನೇ ಹಿಡಿದು ಹತ್ತಬೇಕು. ಹಿಡಿಯುವ ಮುನ್ನ ನೋಡಿಕೊಳ್ಳಬೇಕು. ಬೆತ್ತದ ಬಳ್ಳಿಯ ಮುಳ್ಳುಗಳು ಕೊಕ್ಕೆಯಂತೆ ಬಾಗಿರುತ್ತವೆ, ಎಳೆದಷ್ಟೂ ಒಳಗೆ ಇಳಿಯುತ್ತವೆ. ಬಿಡಿಸಿಕೊಳ್ಳಬೇಕಾದರೆ ಒಂದು ಹೆಜ್ಜೆ ಹಿಂದೆ ಸರಿಯಬೇಕು. ಓಟವೆಂಬುದು ಹೆಸರಿಗೆ ಮಾತ್ರ. ಏರಿನಲ್ಲಿ ಓಡುವವರು ಯಾರೂ ಇಲ್ಲ, ಇಳಿತದಲ್ಲಿ ಓಡದೆ ನಿಲ್ಲಬಲ್ಲವರೂ ಯಾರೂ ಇಲ್ಲ.

ಮೊದಲ ಎರಡು ತಡೆಗಳಲ್ಲಿ ನಾನು ಗುಂಪನ್ನು ಕೂಡಿಕೊಂಡೆ. ಇದೇನು ಮಹಾ ಎಂಬ ಗರ್ವವೂ ಬಂತು. ‘ನೀನು ಮುಂದೆ ಹೋಗೋ, ನನಗೋಸ್ಕರ ಕುಂಟಬೇಡ’ ಎಂದು ಮಗನನ್ನು ಬೈದು ಕಳಿಸಿದೆ. ಮೂರನೆಯ ಗುಡ್ಡದ ಇಳಿತದಲ್ಲಿ ಕಾಲು ಜಾರಿ, ಕುಳಿತೇ ಹತ್ತು ಮಾರು ಇಳಿದು, ಒಂದು ತೊರೆಯ ಪಕ್ಕದಲ್ಲಿ ನಿಂತೆ. ಪೆಟ್ಟೇನೂ ಆಗಿರಲಿಲ್ಲ. ಆದರೆ ಎದ್ದು ನೋಡಿದರೆ ಕಾಗದ ಕಾಣಲಿಲ್ಲ. ಕಿವಿಗೊಟ್ಟರೆ ‘ಆನ್ ಆನ್’ ಎಂಬ ಕೂಗೂ ಕೇಳಲಿಲ್ಲ. ಭೂಮಧ್ಯರೇಖೆಗೆ ಮೂರೇ ಡಿಗ್ರಿ ದೂರದ ಆ ನಾಡಿನಲ್ಲಿ ಮುಸ್ಸಂಜೆ ಹೊತ್ತು ಕಳೆಯುತ್ತ ಕೂರುವುದಿಲ್ಲ. ಕಾಡಿನ ನೆರಳಿನಲ್ಲಂತೂ ಏಳು ಗಂಟೆಗೇ ಕಣ್ಣು ಮಂಕಾಗುತ್ತದೆ. ಅದೇ ಸಮಯಕ್ಕೆ ಜೀರುಂಡೆಗಳು, ಗರಗಸ ಎಳೆದಂತೆ, ಒಮ್ಮೆಗೇ ದನಿಯೆತ್ತಿದವು. ನನ್ನ ಕೂಗು ನನಗೇ ಕೇಳದಾಯಿತು.

ನಮ್ಮ ಭಾಷೆಯಲ್ಲಿ ‘ಕೂಗಳತೆ’ ಎಂಬ ಮಾತಿದೆ. ಗಾವುದ, ಹರದಾರಿಗಳಂತೆ ಅದೂ ದೂರದ ಒಂದು ಅಳತೆ. ಕೂಗಿದರೆ ಕೇಳುವಷ್ಟು ದೂರ. ಎಷ್ಟೋ ವರ್ಷ ಆ ಶಬ್ದದ ಅರ್ಥವನ್ನು ತರಗತಿಗಳಲ್ಲಿ ಹೇಳಿದ್ದೇನೆ. ಅದು ನೆಲದ ಅಳತೆಯಲ್ಲ, ಮನುಷ್ಯರ ನಡುವಣ ಅಳತೆ ಎಂಬುದು ಆ ತೊರೆಯ ಪಕ್ಕದಲ್ಲಿ ತಿಳಿಯಿತು. ನನ್ನ ಟಾರ್ಚು ಮಗನ ಚೀಲದಲ್ಲಿತ್ತು. ಹೆದರಿದೆನೇ ಎಂದರೆ, ಹೆದರಿದೆ.

ಎಷ್ಟು ಹೊತ್ತಾಯಿತೋ, ಹತ್ತು ನಿಮಿಷವಿರಬಹುದು. ಮೇಲಿನಿಂದ ಒಂದು ದನಿ ಬಂತು. ‘ಆನ್ ಆನ್’ ಎಂದಲ್ಲ, ‘ಅಪ್ಪಾ’ ಎಂದು. ಓ ಎಂದೆ. ದೀಪವೊಂದು ಮರಗಳ ನಡುವೆ ಇಳಿದು ಬಂತು. ಮಗ ಏನೂ ಕೇಳಲಿಲ್ಲ. ನೀರಿನ ಬಾಟಲಿ ಕೊಟ್ಟು, ನನ್ನ ಕಾಲಿನಿಂದ ಎರಡು ಜಿಗಣೆಗಳನ್ನು ಕಿತ್ತು ಬಿಸಾಡಿದ.

‘ನಿನ್ನ ಓಟ ಕೆಟ್ಟಿತಲ್ಲೋ’ ಎಂದೆ.

‘ಇಲ್ಲಿ ಯಾರನ್ನೂ ಬಿಟ್ಟುಹೋಗುವ ಪದ್ಧತಿ ಇಲ್ಲ ಅಪ್ಪ’ ಎಂದ.

ಅವನು ಏನನ್ನೂ ಮನಸ್ಸಿನಲ್ಲಿಟ್ಟುಕೊಂಡು ಆಡಿದ ಮಾತಲ್ಲ. ಆದರೆ ನನಗೆ ಮೈಸೂರಿನ ಚಾಮುಂಡಿ ಬೆಟ್ಟದ ಮೆಟ್ಟಿಲುಗಳು ನೆನಪಾದವು. 1997; ಅವನಿಗೆ ಹತ್ತು ವರ್ಷ. ಭಾನುವಾರದ ಬೆಳಗ್ಗೆ ಸಹೋದ್ಯೋಗಿಗಳೊಡನೆ ಬೆಟ್ಟ ಹತ್ತುವ ಅಭ್ಯಾಸ ನನಗಿತ್ತು. ಅಂದು ಹುಡುಗನೂ ಬಂದಿದ್ದ. ನಂದಿಯವರೆಗೆ ಹೇಗೋ ಬಂದು, ಕಾಲು ನೋಯುತ್ತದೆ ಎಂದು ಕುಳಿತ. ನಾವು ಯಾವುದೋ ವಿಮರ್ಶೆಯ ವಾಗ್ವಾದದಲ್ಲಿದ್ದೆವು. ‘ಸುಧಾರಿಸಿಕೊಂಡು ಬಾ’ ಎಂದು ಹೇಳಿ ನಾನು ಮೇಲಕ್ಕೆ ನಡೆದೆ. ಇಳಿದು ಬಂದಾಗ ಗಂಟೆಯ ಮೇಲಾಗಿತ್ತು. ಅವನು ನಂದಿಯ ಕಂಬಿಗೆ ಒರಗಿ ಕುಳಿತಿದ್ದ; ಅತ್ತು ಮುಗಿಸಿದ್ದ. ‘ಇಷ್ಟಕ್ಕೆಲ್ಲ ಅಳುತ್ತಾರೆಯೇ’ ಎಂದು ಗದರಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಅವನಿಗೆ ನೆನಪಿದೆಯೋ ಇಲ್ಲವೋ ಕೇಳಲಿಲ್ಲ. ಕೇಳುವ ಧೈರ್ಯ ಆಗಲೂ ಬರಲಿಲ್ಲ, ಇಂದಿಗೂ ಬಂದಿಲ್ಲ.

ಮಗನ ಹಿಂದೆ ನಡೆದು ಬಯಲು ಸೇರಿದಾಗ ಎಂಟು ಗಂಟೆ. ಎಲ್ಲರೂ ಕಾದಿದ್ದರು. ತಲೆ ಎಣಿಸಿ, ಕೊನೆಯವನು ಬಂದನೆಂದು ಖಚಿತವಾದ ಮೇಲೆಯೇ ಉಳಿದ ವಿಧಿಗಳು. ವೃತ್ತಾಕಾರವಾಗಿ ನಿಂತು, ತಪ್ಪು ಮಾಡಿದವರನ್ನು ಮಂಜುಗಡ್ಡೆಯ ದಿಂಡಿನ ಮೇಲೆ ಕೂರಿಸುವುದು ಅಲ್ಲಿಯ ದಂಡನೀತಿ. ಮೊದಲ ಸಲ ಬಂದದ್ದು, ದಾರಿ ತಪ್ಪಿದ್ದು, ಅಧ್ಯಾಪಕನಾಗಿಯೂ ದಾರಿ ತಪ್ಪಿದ್ದು ಎಂದು ಮೂರು ಅಪರಾಧ ನನ್ನ ಮೇಲೆ. ಮಂಜುಗಡ್ಡೆಯ ಮೇಲೆ ಕುಳಿತೆ, ಅವರು ಹಾಡಿದರು. ಬೀರು ಒಲ್ಲೆನೆಂದಾಗ ಯಾರೂ ಒತ್ತಾಯಿಸದೆ ಎಳನೀರು ಕೊಟ್ಟರು. ಅಷ್ಟು ರುಚಿಯಾದ ಎಳನೀರನ್ನು ನಾನು ಬೇರೆಲ್ಲೂ ಕುಡಿದಿಲ್ಲ.

ಸಂಘ ಕಟ್ಟಿದ ಗಿಸ್ಪರ್ಟ್ ಸ್ವತಃ ಒಳ್ಳೆಯ ಓಟಗಾರನಲ್ಲವಂತೆ. ಸ್ಪರ್ಧೆಯಿಲ್ಲದ, ನಿಧಾನದವರೇ ತುಂಬಿದ್ದ ಕೂಟವಾಗಿತ್ತು ಅದು ಎಂದು ಅವನ ಜೊತೆಗಾರನೊಬ್ಬ ಮುಂದೆ ನೆನೆದಿದ್ದಾನೆ. 1942ರ ಫೆಬ್ರವರಿಯಲ್ಲಿ, ಜಪಾನೀಯರ ಸೇನೆ ಸಿಂಗಪುರವನ್ನು ಹೊಕ್ಕಾಗ, ಬುಕಿತ್ ತಿಮಾ ಬಳಿಯ ಕಾಳಗದಲ್ಲಿ ಗಿಸ್ಪರ್ಟ್ ಮಡಿದ. ಯುದ್ಧ ಮುಗಿದ ಮೇಲೆ ಉಳಿದ ಗೆಳೆಯರು ಮತ್ತೆ ಕಾಗದ ಚೆಲ್ಲಿ ಓಡತೊಡಗಿದರು. ಇಂದು ಅದೇ ಬಗೆಯ ಸಂಘಗಳು ಲೋಕದ ಎಷ್ಟೋ ಊರುಗಳಲ್ಲಿವೆ. ಓಡಲಾರದವನೊಬ್ಬ ಕಟ್ಟಿದ್ದರಿಂದಲೇ ಅದರಲ್ಲಿ ಓಡಲಾರದವನಿಗೆ ಸ್ಥಳವಿದೆಯೆಂದು ನನ್ನ ನಂಬಿಕೆ.

ಮೂರು ದಶಕಗಳಿಗೂ ಮಿಕ್ಕಿ ನಾನು ಪಾಠ ಹೇಳಿದೆ. ಮುಂದಿನ ಬೆಂಚಿನ ನಾಲ್ವರು ತಲೆಯಾಡಿಸಿದರೆ ಪದ್ಯ ಅರ್ಥವಾಯಿತೆಂದು ಭಾವಿಸಿ ಮುಂದಿನ ಪದ್ಯಕ್ಕೆ ಹೋಗುತ್ತಿದ್ದೆ. ಜಾಣರಿಗೆ ಒಂದು ಸುಳ್ಳು ಜಾಡು ಹಾಕಿ, ಅವರು ಅದನ್ನು ಹುಡುಕುತ್ತಿರುವಾಗ ಹಿಂದಿನ ಬೆಂಚಿನವರಿಗಾಗಿ ಕಾಯಬಹುದೆಂಬ ಉಪಾಯ ನನಗೆ ಹೊಳೆದಿರಲಿಲ್ಲ. ಹೊಳೆದಾಗ ನಾನು ನಿವೃತ್ತನಾಗಿದ್ದೆ, ಮಂಜುಗಡ್ಡೆಯ ಮೇಲೆ ಕುಳಿತಿದ್ದೆ.

ಈ ವರ್ಷ ಮಗ ರಜೆಗೆ ಬಂದಾಗ ಅವನ ಮಗಳನ್ನೂ ಕರೆದುಕೊಂಡು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದೆವು. ಅವಳಿಗೆ ಏಳು ವರ್ಷ. ನಂದಿಯ ಹತ್ತಿರ ಬಂದಾಗ, ‘ತಾತ, ಇಲ್ಲಿ ಕೂತುಕೊಳ್ಳೋಣವೇ?’ ಎಂದಳು. ಕುಳಿತೆವು. ಬಹಳ ಹೊತ್ತು ಕುಳಿತೆವು. ಅಂದು ನಾವು ಬೆಟ್ಟದ ತುದಿಯನ್ನು ಮುಟ್ಟಲಿಲ್ಲ.