ಗಾಳಿಯ ಲೆಕ್ಕ ಹಾಕೋಣ ಬನ್ನಿ

ಇಲವಾಲದ ಮಕ್ಕಳಿಗೆ ಗಾಳಿಯ ಪರಿಚಯ ಬೇರೆ ಮಾಡಿಕೊಡಬೇಕಾಗಿಲ್ಲ. ಆಷಾಢ ಬಂತೆಂದರೆ ಹುಣಸೂರಿನ ಕಡೆಯಿಂದ ಬೀಸುವ ಗಾಳಿ ಹಗ್ಗದ ಮೇಲಿನ ಬಟ್ಟೆಯನ್ನೂ ಬಿಡುವುದಿಲ್ಲ, ಕೈಯಲ್ಲಿರುವ ಛತ್ರಿಯನ್ನೂ ಬಿಡುವುದಿಲ್ಲ. ಹೆದ್ದಾರಿಯ ಪಕ್ಕ ಬಸ್ಸಿಗೆ ಕಾಯುತ್ತ ನಿಂತಿದ್ದೀರಿ, ಎದುರಿಗೆ ದೊಡ್ಡ ಲಾರಿಯೊಂದು ಭರ್ರನೆ ಹಾದುಹೋಯಿತು. ಮೊದಲು ಗಾಳಿ ನಿಮ್ಮನ್ನು ಹಿಂದಕ್ಕೆ ನೂಕುತ್ತದೆ, ಮರುಕ್ಷಣವೇ ಲಾರಿ ಹೋದ ಕಡೆಗೆ ಎಳೆಯುತ್ತದೆ. (ಅದಕ್ಕೇ ದೊಡ್ಡವರು ರಸ್ತೆಯಿಂದ ನಾಲ್ಕು ಹೆಜ್ಜೆ ಹಿಂದೆ ನಿಲ್ಲಿ ಎನ್ನುವುದು, ಆ ಮಾತು ಕೇಳಿ.) ಲಾರಿ ಮುಂದಿದ್ದ ಗಾಳಿಯನ್ನು ಪಕ್ಕಕ್ಕೆ ಸರಿಸಿತು, ಹಿಂದೆ ಖಾಲಿಯಾದ ಜಾಗ ತುಂಬಲು ಸುತ್ತಲಿನ ಗಾಳಿ ನುಗ್ಗಿತು. ನಿಮಗೆ ತಗುಲಿದ್ದು ಅದೇ.

ಬಯಲಿನಲ್ಲಿ ಗಾಳಿ ತಪ್ಪಿಸಿಕೊಳ್ಳಲು ನಾಲ್ಕೂ ಕಡೆ ಜಾಗವಿದೆ, ಮೇಲೆ ಆಕಾಶವಿದೆ. ಸುರಂಗದಲ್ಲಿ?

ಇಲವಾಲದ ಉತ್ತರಕ್ಕೆ, ಕನ್ನಂಬಾಡಿಯ ಹಿನ್ನೀರಿನ ಅಂಚಿನಲ್ಲಿ, ಮೈಸೂರಿನಿಂದ ಹಾಸನಕ್ಕೆ ರೈಲು ಹೋಗುತ್ತದೆ. ಅದೇ ದಾರಿ ಹಿಡಿದು ಮುಂದೆ ಹೋದರೆ ಸಕಲೇಶಪುರ. ಅಲ್ಲಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ ಸುಮಾರು 55 ಕಿಲೋಮೀಟರ್ ಘಟ್ಟದಲ್ಲಿ 57 ಸುರಂಗಗಳಿವೆ. ಕುಕ್ಕೆಗೆ ರೈಲಿನಲ್ಲಿ ಹೋದವರಿಗೆ ನೆನಪಿರಬಹುದು: ಸುರಂಗ ಹೊಕ್ಕ ಕೂಡಲೇ ಕತ್ತಲು, ಸದ್ದು ಎರಡು ಪಟ್ಟು, ಡೀಸೆಲ್ ಎಂಜಿನ್ ಎಳೆಯುವ ರೈಲಾದರೆ ಕಿಟಕಿಯಲ್ಲಿ ಹೊಗೆಯ ವಾಸನೆ. ಗಾಳಿಗೆ ಪಕ್ಕಕ್ಕೆ ಸರಿಯಲು ಅಲ್ಲಿ ಜಾಗವಿಲ್ಲ. ರೈಲು ಅದನ್ನು ಮುಂದಕ್ಕೆ ನೂಕುತ್ತಲೇ ಹೋಗಬೇಕು.

ಗಾಳಿ ಹಗುರ ಎಂದು ನಾವು ಅಂದುಕೊಳ್ಳುತ್ತೇವೆ. ಲೆಕ್ಕ ಹಾಕಿ ನೋಡಿ. ನಮ್ಮ ಊರಿನ ಎತ್ತರದಲ್ಲಿ ಒಂದು ಘನ ಮೀಟರ್ ಗಾಳಿ ಒಂದು ಕಿಲೋಗ್ರಾಂಗಿಂತ ತುಸು ಹೆಚ್ಚು ತೂಗುತ್ತದೆ. ನಿಮ್ಮ ತರಗತಿ 8 ಮೀಟರ್ ಉದ್ದ, 6 ಮೀಟರ್ ಅಗಲ, 3 ಮೀಟರ್ ಎತ್ತರವಿದ್ದರೆ ಒಳಗಿರುವ ಗಾಳಿ ಸುಮಾರು ನೂರೈವತ್ತು ಕಿಲೋ! ಬೆಂಗಳೂರು ಮೆಟ್ರೊದಂಥ ಸುರಂಗದ ಬಾಯಿ ಸುಮಾರು 25 ಚದರ ಮೀಟರ್ ಎಂದಿಟ್ಟುಕೊಂಡರೆ, ಒಂದು ಕಿಲೋಮೀಟರ್ ಸುರಂಗದಲ್ಲಿ 25 ಟನ್ನಿಗೂ ಹೆಚ್ಚು ಗಾಳಿ ಇರುತ್ತದೆ. ರೈಲು ಓಡುವುದೆಂದರೆ ಅಷ್ಟನ್ನೂ ಅಲುಗಾಡಿಸುವುದು.

ಬೆಂಗಳೂರಿನಲ್ಲಿ ನೆಲದಡಿಯ ಮೆಟ್ರೊ ಓಡಲು ಶುರುವಾದದ್ದು 2016ರ ಏಪ್ರಿಲ್‌ನಲ್ಲಿ. ಕನ್ನಂಬಾಡಿ ಕಟ್ಟೆಯ ವಿಶ್ವೇಶ್ವರಯ್ಯನವರ ಹೆಸರಿನ ನಿಲ್ದಾಣವೂ ಆ ಸುರಂಗದಲ್ಲೇ ಇದೆ. ಅಲ್ಲಿ ನಿಂತರೆ ರೈಲು ಕಾಣುವ ಮೊದಲೇ ಅದರ ಗಾಳಿ ಮುಖಕ್ಕೆ ಬರುತ್ತದೆ. ಎಂಜಿನಿಯರುಗಳು ಇದನ್ನು ಪಿಸ್ಟನ್ ಪರಿಣಾಮ ಎನ್ನುತ್ತಾರೆ. ದಿನನಿತ್ಯ ಇದರಿಂದ ಉಪಕಾರವೇ ಆಗುತ್ತದೆ: ರೈಲುಗಳು ಓಡಾಡಿದಷ್ಟೂ ಬಿಸಿ ಗಾಳಿ ಹೊರಹೋಗಿ ಹೊಸ ಗಾಳಿ ಒಳಬರುತ್ತದೆ. ಆದರೆ ರೈಲು ಸುರಂಗದ ನಡುವೆ ನಿಂತುಬಿಟ್ಟರೆ? ಅದಕ್ಕಿಂತ ಕೆಟ್ಟದ್ದೆಂದರೆ, ಎಲ್ಲೋ ಬೆಂಕಿ ಹೊತ್ತಿಕೊಂಡರೆ? ಆಗ ದೊಡ್ಡ ದೊಡ್ಡ ಫ್ಯಾನುಗಳು ಕೆಲಸಕ್ಕೆ ಇಳಿಯುತ್ತವೆ. ಒಂದು ನಿಲ್ದಾಣದ ಫ್ಯಾನು ಗಾಳಿಯನ್ನು ಒಳಕ್ಕೆ ಊದುತ್ತದೆ, ಇನ್ನೊಂದು ನಿಲ್ದಾಣದ್ದು ಹೊರಕ್ಕೆ ಎಳೆಯುತ್ತದೆ. ಹೊಗೆ ಒಂದೇ ಕಡೆಗೆ ಹೋಗಬೇಕು, ಜನ ಹೊಸ ಗಾಳಿ ಬರುವ ಕಡೆಗೆ ನಡೆದು ಪಾರಾಗಬೇಕು.

ಇದು ಹೇಳಿದಷ್ಟು ಸುಲಭವಲ್ಲ. ಬಿಸಿ ಹೊಗೆ ಮೇಲೆದ್ದು ಸುರಂಗದ ಮಾಡಿಗೆ ಅಂಟಿಕೊಂಡು ಎರಡೂ ಕಡೆ ಹರಿಯುತ್ತದೆ. ಫ್ಯಾನಿನ ಗಾಳಿ ಮೆತ್ತಗಿದ್ದರೆ, ಕೆಳಗೆ ಗಾಳಿ ಒಂದು ದಿಕ್ಕಿಗೆ ಬೀಸುತ್ತಿದ್ದರೂ ಮಾಡಿನ ಕೆಳಗೆ ಹೊಗೆ ಎದುರು ದಿಕ್ಕಿಗೆ ತೆವಳುತ್ತದೆ, ಜನ ನಡೆಯುತ್ತಿರುವ ಕಡೆಗೇ! ಅದನ್ನು ತಡೆಯಲು ಸಾಮಾನ್ಯವಾಗಿ ಸೆಕೆಂಡಿಗೆ 2ರಿಂದ 3 ಮೀಟರ್ ವೇಗದ ಗಾಳಿ ಬೇಕು, ಅಂದರೆ ನೀವು ಆರಾಮಾಗಿ ಸೈಕಲ್ ತುಳಿಯುವ ವೇಗ. ಬೆಂಕಿ ಎಷ್ಟು ದೊಡ್ಡದು, ಸುರಂಗ ಎಷ್ಟು ಎತ್ತರ, ಎಷ್ಟು ಇಳಿಜಾರು ಎಂಬುದರ ಮೇಲೆ ಈ ಅಂಕಿ ಬದಲಾಗುತ್ತದೆ.

ಹಾಗಾದರೆ ಎಷ್ಟು ದೊಡ್ಡ ಫ್ಯಾನು ಬೇಕು ಎಂದು ತಿಳಿಯುವುದು ಹೇಗೆ? ಜನರಿರುವ ಸುರಂಗಕ್ಕೆ ಬೆಂಕಿ ಇಟ್ಟು ನೋಡಲಾಗುತ್ತದೆಯೇ? ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಮೆಮೋರಿಯಲ್ ಟನೆಲ್ ಎಂಬ, ಬಳಕೆ ನಿಂತುಹೋದ ರಸ್ತೆ ಸುರಂಗವಿತ್ತು. 1993ರಿಂದ 1995ರವರೆಗೆ ಅದರಲ್ಲಿ ನಿಜವಾಗಿಯೇ ಬೆಂಕಿ ಹಚ್ಚಿ 98 ಪರೀಕ್ಷೆ ಮಾಡಿದರು. ಎಲ್ಲ ಊರುಗಳಿಗೂ ಅಂಥ ಹಾಳು ಸುರಂಗ ಸಿಗುವುದಿಲ್ಲ. ಸುರಂಗ ತೋಡುವ ಮೊದಲೇ ಫ್ಯಾನಿನ ಅಳತೆ ತಿಳಿದಿರಬೇಕು, ಸುರಂಗ ಇನ್ನೂ ಕಾಗದದ ಮೇಲಿದೆ. ಅದಕ್ಕೇ ಕಂಪ್ಯೂಟರಿನಲ್ಲಿ ಸಿಮ್ಯುಲೇಷನ್ ಮಾಡುತ್ತಾರೆ. ಸುರಂಗವನ್ನೂ ಗಾಳಿಯನ್ನೂ ಹೊಗೆಯನ್ನೂ ಅಂಕಿಗಳಾಗಿ ಬರೆದುಕೊಂಡು, ಮುಂದೇನಾಗುತ್ತದೆ ಎಂದು ಲೆಕ್ಕ ಹಾಕುತ್ತಾರೆ.

ಹೇಗೆ ಎನ್ನುತ್ತೀರಾ? ಕಂಪ್ಯೂಟರ್ ಬೇಡ. ಏಳು ಜನ ಗೆಳೆಯರು, ಒಂದು ಸೀಮೆಸುಣ್ಣ ಸಾಕು.

ಶಾಲೆಯ ಅಂಗಳದಲ್ಲಿ ಕುಂಟೆಬಿಲ್ಲೆಗೆ ಬರೆಯುವಂತೆ ಒಂದೇ ಸಾಲಿನಲ್ಲಿ ಏಳು ಮನೆ ಬರೆಯಿರಿ. ಅದೇ ನಮ್ಮ ಸುರಂಗ. ಮನೆಗೊಬ್ಬರು ಸ್ಲೇಟು ಹಿಡಿದು ನಿಲ್ಲಿ. ಸ್ಲೇಟಿನ ಅಂಕಿ ಎಂದರೆ ಆ ಮನೆಯಲ್ಲಿರುವ ಹೊಗೆ. ನಡುವಿನ ನಾಲ್ಕನೇ ಮನೆಯಲ್ಲಿ 64, ಉಳಿದವರೆಲ್ಲ ಸೊನ್ನೆ. ನಿಯಮ ಒಂದೇ: ಚಪ್ಪಾಳೆ ತಟ್ಟಿದಾಗ ಪ್ರತಿಯೊಬ್ಬರೂ ತಮ್ಮ ಹೊಗೆಯ ಕಾಲು ಭಾಗವನ್ನು ಎಡಗಡೆಯವರಿಗೆ, ಕಾಲು ಭಾಗವನ್ನು ಬಲಗಡೆಯವರಿಗೆ ಕೊಡಬೇಕು. ಅರ್ಧ ತಮ್ಮಲ್ಲೇ ಉಳಿಯುತ್ತದೆ.

ಮೊದಲ ಚಪ್ಪಾಳೆಗೆ ಸಾಲು ಹೀಗಾಗುತ್ತದೆ: 0, 0, 16, 32, 16, 0, 0. ಎರಡನೆಯದಕ್ಕೆ: 0, 4, 16, 24, 16, 4, 0. ಮೂರನೆಯದಕ್ಕೆ: 1, 6, 15, 20, 15, 6, 1. ಪ್ರತಿ ಸಲವೂ ಕೂಡಿಸಿ ನೋಡಿ, ಮೊತ್ತ 64ರಿಂದ ಅಲುಗುವುದಿಲ್ಲ. ಹೊಗೆ ಹರಡಿತು, ಆದರೆ ಮಾಯವಾಗಲಿಲ್ಲ, ಹೊಸದಾಗಿ ಹುಟ್ಟಲೂ ಇಲ್ಲ. ಸಿಮ್ಯುಲೇಷನ್ನಿನ ಜೀವ ಇರುವುದೇ ಇಲ್ಲಿ. ಯಾವ ಮನೆಯವರಿಗೂ ಇಡೀ ಸುರಂಗದ ಸುದ್ದಿ ಬೇಕಾಗಿಲ್ಲ. ಅಕ್ಕಪಕ್ಕದವರ ಅಂಕಿ ನೋಡಿಕೊಂಡು ತಮ್ಮ ಜಮಾಖರ್ಚು ಸರಿಯಾಗಿ ಬರೆದರೆ ಸಾಕು.

ಈಗ ಫ್ಯಾನು ಹಾಕೋಣ. ಚಪ್ಪಾಳೆಯ ಹಂಚಿಕೆ ಮುಗಿದ ಮೇಲೆ ಎಲ್ಲರೂ ತಮ್ಮ ಅಂಕಿಯನ್ನು ಬಲಗಡೆಯವರಿಗೆ ದಾಟಿಸಿಬಿಡಿ. ಏಳನೆಯವರ ಬಲಕ್ಕೆ ಹೋದದ್ದು ಸುರಂಗದಿಂದ ಹೊರಗೆ, ಅದು ಮತ್ತೆ ಬರುವುದಿಲ್ಲ. ಮೂರು ಚಪ್ಪಾಳೆಯ ಬಳಿಕ ಸಾಲು 0, 0, 0, 1, 6, 15, 20 ಆಗಿರುತ್ತದೆ, 22 ಪಾಲು ಹೊಗೆ ಹೊರಬಿದ್ದಿರುತ್ತದೆ. ಎಡಗಡೆಯ ಮೂರು ಮನೆ ಗಮನಿಸಿದಿರಾ? ಯಾವ ಚಪ್ಪಾಳೆಯ ದಾಟಿಸುವಿಕೆ ಮುಗಿದ ಮೇಲೂ ಅಲ್ಲಿ ಹೊಗೆ ಉಳಿಯಲಿಲ್ಲ. ಜನರನ್ನು ನಡೆಸಬೇಕಾದದ್ದು ಆ ಕಡೆಗೆ.

ನಿಜವಾದ ಸಿಮ್ಯುಲೇಷನ್ನಿನಲ್ಲಿ ಮನೆಗಳು ಸಾಲಾಗಿ ಮಾತ್ರವಲ್ಲ, ಅಗಲಕ್ಕೂ ಎತ್ತರಕ್ಕೂ ಇರುತ್ತವೆ. ಪ್ರತಿ ಮನೆಯೂ ಗಾಳಿಯ ತೂಕ, ವೇಗ, ಶಾಖ ಎಲ್ಲದರ ಲೆಕ್ಕ ಇಡಬೇಕು. ಆ ಲೆಕ್ಕದ ಸೂತ್ರಗಳನ್ನು ಫ್ರಾನ್ಸಿನ ನವಿಯೇ ಮತ್ತು ಬ್ರಿಟನ್ನಿನ ಸ್ಟೋಕ್ಸ್ 19ನೇ ಶತಮಾನದಲ್ಲೇ ಬರೆದಿಟ್ಟಿದ್ದರು. ಸೂತ್ರವಿತ್ತು, ಲೆಕ್ಕ ಮಾಡುವ ಕೈಗಳಿರಲಿಲ್ಲ.

ಕೈಯಿಂದಲೇ ಮಾಡಲು ಹೊರಟ ಧೀರನೊಬ್ಬನ ಕತೆ ಹೇಳಲೇಬೇಕು. ಲೂಯಿಸ್ ಫ್ರೈ ರಿಚರ್ಡ್‌ಸನ್ ಇಂಗ್ಲೆಂಡಿನವರು. ಮೊದಲ ಮಹಾಯುದ್ಧದಲ್ಲಿ ಬಂದೂಕು ಹಿಡಿಯಲು ಒಪ್ಪದೆ, ಫ್ರಾನ್ಸಿನಲ್ಲಿ ಗಾಯಾಳುಗಳನ್ನು ಸಾಗಿಸುವ ಆಂಬುಲೆನ್ಸ್ ತಂಡ ಸೇರಿದರು. ಬಿಡುವಾದಾಗಲೆಲ್ಲ ಕೂತು, 1910ರ ಮೇ 20ರಂದು ಯೂರೋಪಿನ ಆಕಾಶದಲ್ಲಿ ಆರು ಗಂಟೆಗಳಲ್ಲಿ ಗಾಳಿ ಹೇಗೆ ಬದಲಾಗಬೇಕಿತ್ತು ಎಂದು ಮನೆಮನೆಯಾಗಿ ಲೆಕ್ಕ ಹಾಕಿದರು. ನಡುವೆ ಹಸ್ತಪ್ರತಿ ಕಳೆದೇಹೋಯಿತು, ತಿಂಗಳುಗಳ ಮೇಲೆ ಕಲ್ಲಿದ್ದಲ ರಾಶಿಯಡಿ ಸಿಕ್ಕಿತು. ಉತ್ತರ ಮಾತ್ರ ಪೂರಾ ತಪ್ಪು: ನಿಜದಲ್ಲಿ ಹೆಚ್ಚುಕಡಿಮೆ ಬದಲಾಗದಿದ್ದ ಗಾಳಿಯ ಒತ್ತಡ, ಅವರ ಲೆಕ್ಕದಲ್ಲಿ 145 ಹೆಕ್ಟೊಪಾಸ್ಕಲ್ ಏರಿಬಿಟ್ಟಿತ್ತು. ಅದನ್ನು ಮುಚ್ಚಿಡದೆ 1922ರಲ್ಲಿ ಪುಸ್ತಕ ಮಾಡಿ ಅಚ್ಚು ಹಾಕಿದರು. ಒಂದು ದೊಡ್ಡ ರಂಗಮಂದಿರದಲ್ಲಿ 64,000 ಜನ ಕೂತು, ಒಬ್ಬೊಬ್ಬರೂ ತಮ್ಮ ಪಾಲಿನ ಲೆಕ್ಕ ಮಾಡಿ ಪಕ್ಕದವರಿಗೆ ತೋರಿಸುತ್ತಿದ್ದರೆ ಹವಾಮಾನವನ್ನು ಮೊದಲೇ ಹೇಳಬಹುದು ಎಂದೂ ಅದರಲ್ಲಿ ಬರೆದರು. ನನಗೆ ವಿಜ್ಞಾನಿಗಳಲ್ಲಿ ಬಹಳ ಇಷ್ಟವಾದವರು ಇವರು. ದಾರಿ ಸರಿಯಾಗಿತ್ತು, ಶುರುವಿನಲ್ಲಿ ಇಟ್ಟುಕೊಂಡ ಅಳತೆಗಳ ನಡುವೆ ಹೊಂದಾಣಿಕೆ ಇರಲಿಲ್ಲ ಎಂದು ಬಹಳ ವರ್ಷಗಳ ಮೇಲೆ ಬೇರೆಯವರು ತೋರಿಸಿಕೊಟ್ಟರು.

ಲೆಕ್ಕ ಕೆಡುವ ಇನ್ನೊಂದು ಬಗೆಯನ್ನು ನೀವೇ ಮಾಡಿ ನೋಡಬಹುದು. ಅವಸರಪಟ್ಟು, ಪ್ರತಿಯೊಬ್ಬರೂ ಕಾಲು ಭಾಗದ ಬದಲು ತಮ್ಮಲ್ಲಿರುವಷ್ಟನ್ನೂ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಕೊಡಲಿ. ಇರುವುದು 64, ಕೊಟ್ಟದ್ದು 128. ಉಳಿದದ್ದು ಮೈನಸ್ 64! ಮೈನಸ್ ಹೊಗೆ ಲೋಕದಲ್ಲಿ ಎಲ್ಲಿಯೂ ಇಲ್ಲ. ಇನ್ನೊಂದು ಚಪ್ಪಾಳೆ ತಟ್ಟಿದರೆ ಅಂಕಿಗಳು ಮತ್ತಷ್ಟು ಹುಚ್ಚು ಹಿಡಿದು ಕುಣಿಯುತ್ತವೆ. ಒಂದು ಹೆಜ್ಜೆಯಲ್ಲಿ ಎಷ್ಟು ದೂರದ ಕಾಲ ದಾಟಬಹುದು ಎಂಬುದಕ್ಕೆ ಮಿತಿ ಇದೆ ಎಂದು ಕೂರಾಂಟ್, ಫ್ರೀಡ್ರಿಕ್ಸ್, ಲೇವಿ ಎಂಬ ಮೂವರು ಗಣಿತಜ್ಞರು 1928ರಲ್ಲಿ ತೋರಿಸಿದರು. ಇವತ್ತಿಗೂ ಸಿಮ್ಯುಲೇಷನ್ ಮಾಡುವವರು ಮೊದಲು ನೋಡಿಕೊಳ್ಳುವುದು ಅದನ್ನೇ.

ಮನೆ ಚಿಕ್ಕದಾದಷ್ಟೂ ಚಿತ್ರ ಸ್ಪಷ್ಟ. ಆದರೆ ಒಂದು ಕಿಲೋಮೀಟರ್ ಸುರಂಗವನ್ನು 10 ಸೆಂಟಿಮೀಟರಿನ ಮನೆಗಳಾಗಿ ಹೋಳುಮಾಡಿದರೆ ಎರಡೂವರೆ ಕೋಟಿ ಮನೆಗಳಾಗುತ್ತವೆ. 5 ಸೆಂಟಿಮೀಟರ್ ಮಾಡಿದಿರೋ, 20 ಕೋಟಿ. ಇಷ್ಟನ್ನು ಒಂದೇ ಯಂತ್ರ ಸಾಲಾಗಿ ಮಾಡುತ್ತ ಕೂತರೆ ಮುಗಿಯುವುದಿಲ್ಲ. ರಿಚರ್ಡ್‌ಸನ್ನರ ರಂಗಮಂದಿರದಂತೆ ಹಲವು ಯಂತ್ರಗಳು ಹಂಚಿಕೊಂಡು ಏಕಕಾಲಕ್ಕೆ ಮಾಡಬೇಕು. ನಮ್ಮ ದೇಶದಲ್ಲಿ ಅಂಥ ಮೊದಲ ಕಂಪ್ಯೂಟರ್ ಹುಟ್ಟಿದ್ದು ಬೆಂಗಳೂರಿನಲ್ಲೇ. ಎಲ್ಲರೂ ಎನ್‌ಎಎಲ್ ಎಂದು ಕರೆಯುವ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ 1986ರಲ್ಲಿ ಅದನ್ನು ಕಟ್ಟಿದರು. ಗಾಳಿ, ನೀರುಗಳ ಹರಿವಿನ ಲೆಕ್ಕ ಬಿಡಿಸಲೆಂದೇ ಮಾಡಿದ್ದರಿಂದ ಹೆಸರು ಫ್ಲೋಸಾಲ್ವರ್. ಆಗ ಅಲ್ಲಿ ನಿರ್ದೇಶಕರಾಗಿದ್ದವರು ರೊದ್ದಂ ನರಸಿಂಹ. ಅವರ ತಂದೆ ಆರ್.ಎಲ್. ನರಸಿಂಹಯ್ಯನವರು ಭೌತವಿಜ್ಞಾನದ ಮೇಷ್ಟ್ರು, ಕನ್ನಡದಲ್ಲಿ ವಿಜ್ಞಾನದ ಪುಸ್ತಕಗಳನ್ನು ಬರೆದವರು. ಅದೇ ಎನ್‌ಎಎಲ್‌ನಲ್ಲಿ 1967ರಿಂದ ದೊಡ್ಡದೊಂದು ಗಾಳಿಸುರಂಗವೂ ಇದೆ. ವಿಮಾನದ ಪುಟ್ಟ ಮಾದರಿಯನ್ನು ಅದರಲ್ಲಿಟ್ಟು ನಿಜವಾದ ಗಾಳಿಯನ್ನೇ ಹಾಯಿಸಿ ಅಳೆಯುತ್ತಾರೆ. ಲೆಕ್ಕ ಎಷ್ಟೇ ಚೆಂದವಿರಲಿ, ಗಾಳಿ ಒಪ್ಪಬೇಕು.

ಇನ್ನು ಹರಿಯುವ ಗಾಳಿ ಮಾಡುವ ಸದ್ದು. ಒಂದು ಸೆಂಟಿಮೀಟರ್ ದಪ್ಪದ ಬೆತ್ತವನ್ನು ಜೋರಾಗಿ ಬೀಸಿ (ಅಕ್ಕಪಕ್ಕ ಯಾರೂ ಇಲ್ಲದಾಗ ಮಾತ್ರ), ಸುಯ್ ಎನ್ನುತ್ತದೆ. ಬೆತ್ತದ ಹಿಂದೆ ಗಾಳಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸುಳಿ ಸುತ್ತಿಕೊಂಡು ಕಳಚಿಕೊಳ್ಳುವುದೇ ಆ ಸದ್ದಿಗೆ ಕಾರಣ. ವೇಗವನ್ನು ದಪ್ಪದಿಂದ ಭಾಗಿಸಿ, ಐದರಲ್ಲೊಂದು ಪಾಲು ತೆಗೆದುಕೊಂಡರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಅಂದಾಜು ಸಿಗುತ್ತದೆ. ಬೆತ್ತ ಸೆಕೆಂಡಿಗೆ 10 ಮೀಟರ್ ಓಡಿದರೆ 200. ಆಷಾಢದಲ್ಲಿ ತಂತಿಗಳು ಹಾಡುವುದೂ ಹೀಗೆಯೇ.

ಸುರಂಗದ ಫ್ಯಾನಿಗೆ ರೆಕ್ಕೆಗಳ ಸದ್ದೂ ಸೇರುತ್ತದೆ. ನಿಮ್ಮ ಮನೆಯ ಮೂರು ರೆಕ್ಕೆಯ ಫ್ಯಾನು ಸೆಕೆಂಡಿಗೆ ಐದು ಸುತ್ತು ತಿರುಗಿದರೆ ರೆಕ್ಕೆಗಳು 15 ಸಲ ಹಾಯುತ್ತವೆ. ಸೆಕೆಂಡಿಗೆ 20 ಕಂಪನಕ್ಕಿಂತ ಕಡಿಮೆಯದು ನಮ್ಮ ಕಿವಿಗೆ ಕೇಳುವುದಿಲ್ಲ. ಹತ್ತು ರೆಕ್ಕೆಯ ಫ್ಯಾನು ಸೆಕೆಂಡಿಗೆ 25 ಸುತ್ತು ಹೊಡೆದರೆ 250, ಅದು ಗುಂಯ್ ಎಂದು ಕೇಳೇ ಕೇಳುತ್ತದೆ. ಅದಕ್ಕೇ ಅಂಥ ಫ್ಯಾನಿನ ಎರಡೂ ಬದಿಗೆ ಸದ್ದು ಹೀರುವ ಸೈಲೆನ್ಸರ್ ಕೂರಿಸುತ್ತಾರೆ.

ಸದ್ದಿನ ಸಿಮ್ಯುಲೇಷನ್ ಗಾಳಿಯದ್ದಕ್ಕಿಂತ ಕಷ್ಟ. ನಮ್ಮ ಸುತ್ತಲ ಗಾಳಿಯ ಒತ್ತಡ ಹತ್ತಿರಹತ್ತಿರ ಒಂದು ಲಕ್ಷ ಪಾಸ್ಕಲ್. ನೀವು ಮಾತಾಡಿದಾಗ ಅದರಲ್ಲಿ ಆಗುವ ಏರಿಳಿತ ಒಂದು ಪಾಸ್ಕಲಿನ ಐವತ್ತರಲ್ಲೊಂದು ಭಾಗ, ಎಂದರೆ ಐವತ್ತು ಲಕ್ಷದಲ್ಲಿ ಒಂದು ಪಾಲು. ಲೆಕ್ಕದಲ್ಲಿ ಒಂದಿಷ್ಟು ಒರಟುತನ ಉಳಿದರೂ ಸಾಕು, ಸದ್ದು ಅದರಡಿ ಹೂತುಹೋಗುತ್ತದೆ. 1952ರಲ್ಲಿ ಜೇಮ್ಸ್ ಲೈಟ್‌ಹಿಲ್ ಇದಕ್ಕೊಂದು ದಾರಿ ತೋರಿದರು: ಮೊದಲು ಹರಿವಿನ ಲೆಕ್ಕ ಮಾಡಿ, ಅದರಿಂದ ಎಷ್ಟು ಸದ್ದು ಹುಟ್ಟುತ್ತದೆ ಎಂದು ಬೇರೆಯಾಗಿ ಎಣಿಸುವುದು. ಜೆಟ್ ಎಂಜಿನ್ನಿನಿಂದ ಚಿಮ್ಮುವ ಗಾಳಿಯ ವೇಗ ಇಮ್ಮಡಿಯಾದರೆ ಸದ್ದಿನ ಶಕ್ತಿ 256 ಪಟ್ಟಾಗುತ್ತದೆ ಎಂಬುದೂ ಅವರ ಲೆಕ್ಕವೇ. ಎರಡನ್ನು ಎರಡರಿಂದ ಗುಣಿಸುತ್ತ ಎಂಟು ಎರಡುಗಳಾಗುವವರೆಗೆ ಹೋಗಿ ನೋಡಿ, 256 ಬರುತ್ತದೆ.

ಈಗ ನಿಮಗೊಂದು ಕೆಲಸ. ಅಂಗಳದ ಸುರಂಗದಲ್ಲಿ ಫ್ಯಾನನ್ನು ಮೆತ್ತಗೆ ಮಾಡಿ: ಪ್ರತಿ ಚಪ್ಪಾಳೆಗೂ ಹಂಚಿಕೊಳ್ಳಿ, ಆದರೆ ಬಲಕ್ಕೆ ದಾಟಿಸುವುದು ಎರಡು ಚಪ್ಪಾಳೆಗೊಮ್ಮೆ ಮಾತ್ರ. ಭಿನ್ನರಾಶಿ ಬೇಡವಾದರೆ 64ರ ಬದಲು 1024ರಿಂದ ಶುರುಮಾಡಿ. ಐದು ಚಪ್ಪಾಳೆಯ ಸಾಲುಗಳನ್ನೂ ನೋಟ್‌ಬುಕ್ಕಿನಲ್ಲಿ ಒಂದರ ಕೆಳಗೊಂದು ಬರೆಯಿರಿ. ಹೊಗೆ ಎಡಗಡೆಯ ಎಷ್ಟನೇ ಮನೆಯವರೆಗೆ ಬಂತು ಎಂದು ನೋಡಿ, ನಿಮ್ಮ ಮೇಷ್ಟ್ರಿಗೋ ಟೀಚರಿಗೋ ತೋರಿಸಿ.