25 ಮೀಟರಿಗೇ ಏದುಸಿರು ಯಾಕೆ? ದೊಡ್ಡವರಾದ ಮೇಲೆ ಈಜು ಕಲಿಯೋರಿಗೆ

ನಾನಿರೋದು ಠಾಣೆ ಪೂರ್ವದ ಕೋಪರಿಯಲ್ಲಿ, ಆಫೀಸು ಐರೋಲಿಯಲ್ಲಿ. ಊರು ಹಾಸನದ ಕಡೆ. ಇಲ್ಲಿ ಡೊಂಬಿವಲಿ, ಕಲ್ಯಾಣದಿಂದ ಬಂದವರೂ ಇದ್ದೀರಿ. ನಮ್ಮೆಲ್ಲರ ದಿನಚರಿ ಒಂದೇ ಅಲ್ವಾ? ಲೋಕಲ್‌ನಲ್ಲಿ ನಿಂತಿರೋದು, ಆಫೀಸಿನಲ್ಲಿ ಕೂತಿರೋದು. ಮೊಣಕಾಲು ನೋವು ಅಂತ ಹೋದಾಗ ಡಾಕ್ಟರ್ "ಓಟ ಬಿಡಿ, ಈಜೋಕೆ ಹೋಗಿ" ಅಂದ್ರು. ಆಗ ನನಗೆ 41 ವರ್ಷ. ಅಂದ್ರೆ ನನಗೆ ಉಳಿದಿದ್ದ ವ್ಯಾಯಾಮ ಇದೊಂದೇ.

ಇವತ್ತು ಹೇಳೋಕೆ ಹೊರಟಿರೋದು ನೀರಿಗೆ ಇಳಿಯೋದು ಹೇಗೆ ಅಂತಲ್ಲ. ಹೇಗೋ ಕೈಕಾಲು ಆಡಿಸಿ ಒಂದು ಲೆಂಗ್ತ್, ಅಂದ್ರೆ 25 ಮೀಟರ್, ದಾಟೋಕೆ ಬಂತು ಅಂತಿಟ್ಟುಕೊಳ್ಳಿ. ಅದಾದ ಮೇಲೆ ಏನು? ನಮ್ಮ ಬೆಳಗಿನ ಬ್ಯಾಚ್‌ನಲ್ಲಿ ನಾನು ನೋಡಿದ ಹಾಗೆ, ದೊಡ್ಡವರು ಬಿಟ್ಟುಹೋಗೋದು ಈ ಹಂತದಲ್ಲೇ. ಐದು ಕಿಲೋಮೀಟರ್ ಓಡೋ ಮನುಷ್ಯ 25 ಮೀಟರಿಗೆ ಗೋಡೆ ಹಿಡ್ಕೊಂಡು ಏದುಸಿರು ಬಿಡ್ತಾನೆ. ಪಕ್ಕದ ಲೇನ್‌ನಲ್ಲಿ ಎಂಟು ವರ್ಷದ ಹುಡುಗಿ ಆರಾಮಾಗಿ ಹೋಗಿ ಬರ್ತಾಳೆ. "ನನಗೆ ವಯಸ್ಸಾಯ್ತು, ಶ್ವಾಸಕೋಶದಲ್ಲಿ ದಮ್ಮಿಲ್ಲ" ಅಂದ್ಕೊಂಡು ಮುಂದಿನ ತಿಂಗಳು ಅವರು ಫೀಸ್ ಕಟ್ಟೋದಿಲ್ಲ.

ಆದರೆ ಸಾಮಾನ್ಯವಾಗಿ ಕಾರಣ ದಮ್ಮಲ್ಲ. ನೀರಿನ ಸಾಂದ್ರತೆ ಗಾಳಿಗಿಂತ ಸುಮಾರು 800 ಪಟ್ಟು ಹೆಚ್ಚು. ವೇಗ ಎರಡರಷ್ಟಾದರೆ ನೀರಿನ ತಡೆ ಸುಮಾರು ನಾಲ್ಕರಷ್ಟಾಗುತ್ತೆ, ಅದಕ್ಕೆ ಬೇಕಾದ ಶಕ್ತಿ ಸುಮಾರು ಎಂಟರಷ್ಟು. ಓಡುವಾಗ ಜೋರು ಮಾಡಿದರೆ ಲಾಭ ಇದೆ. ಈಜುವಾಗ ಜೋರು ಮಾಡಿದ್ದರ ಬಹುಪಾಲು ನೀರಿನ ಪಾಲು. ತಲೆ ಮೇಲೆತ್ತಿದರೆ ಸೊಂಟ, ಕಾಲು ಕೆಳಗಿಳಿಯುತ್ತೆ. ಆಗ ನಾವು ಮೀನಿನ ಹಾಗಲ್ಲ, ಹಲಗೆ ಅಡ್ಡ ಹಿಡಿದ ಹಾಗೆ ನೀರನ್ನು ತಳ್ತಾ ಹೋಗ್ತೀವಿ.

ಇನ್ನೊಂದು, ಉಸಿರು. ಮುಖ ನೀರಿನಲ್ಲಿದ್ದಾಗ ನಮಗೆ ಸಹಜವಾಗಿ ಬರೋದು ಉಸಿರು ಕಟ್ಟಿಡೋದು. ಉಸಿರುಗಟ್ಟಿದ ಹಾಗೆ ಅನ್ನಿಸೋದು ಹೆಚ್ಚಾಗಿ ಆಮ್ಲಜನಕ ಮುಗಿದು ಅಲ್ಲ, ಇಂಗಾಲದ ಡೈಆಕ್ಸೈಡ್ ಒಳಗೇ ಉಳಿದು. ಮುಖ ನೀರಿನಲ್ಲಿರೋವಷ್ಟು ಹೊತ್ತೂ ಮೂಗಿನಿಂದ, ಬಾಯಿಂದ ಗುಳ್ಳೆ ಬಿಡ್ತಾ ಇರಬೇಕು. ಪಕ್ಕಕ್ಕೆ ತಿರುಗಿದಾಗ ಬರೀ ಒಳಗೆ ಎಳ್ಕೊಳ್ಳೋದು. ನಮ್ಮ ಕೋಚ್ ಮರಾಠಿಯಲ್ಲಿ ದಿನಾ ಹೇಳೋದು ಎರಡೇ ಪದ: "ಹಳೂ, ಹಳೂ." ನಿಧಾನ, ನಿಧಾನ ಅಂತ.

ಹಾಗಾದರೆ ಅಭ್ಯಾಸ ಹೇಗೆ? ನನ್ನ ಲೆಕ್ಕ ಹೇಳ್ತೀನಿ. ಒಂದೇ ಸಲ 200 ಮೀಟರ್ ಈಜೋ ಪ್ರಯತ್ನ ಬೇಡ. 25 ಮೀಟರಿನ ಎಂಟು ಲೆಂಗ್ತ್ ಮಾಡಿ, ಪ್ರತಿ ಸಲ ಗೋಡೆ ಹತ್ತಿರ 40 ಸೆಕೆಂಡ್ ವಿಶ್ರಾಂತಿ. ಒಟ್ಟು ಆಗೋದು ಅದೇ 200 ಮೀಟರ್. ಎಂಟನೆಯ ಲೆಂಗ್ತ್ ಮೊದಲನೆಯದರಷ್ಟೇ ಸಮಯದಲ್ಲಿ, ಅಷ್ಟೇ ಸ್ಟ್ರೋಕ್‌ಗಳಲ್ಲಿ ಆಗಬೇಕು. ಗುರಿ ಅಷ್ಟೇ. ಅದು ಬಂದ ಮೇಲೆ ವಿಶ್ರಾಂತಿ 30ಕ್ಕೆ, 20ಕ್ಕೆ ಇಳಿಸಿ. ಆಮೇಲೆ 50 ಮೀಟರ್ ನಾಲ್ಕು ಸಲ, ಆಮೇಲೆ 100 ಎರಡು ಸಲ. ವಾರಕ್ಕೆ ಒಂದೇ ದಿನ ಮೂರು ಗಂಟೆ ಒದ್ದಾಡೋದಕ್ಕಿಂತ ಮೂರು ದಿನ 45 ನಿಮಿಷ ಸಾಕು. ನೀರಿನ ಪರಿಚಯ ನಡುವೆ ಬಿಟ್ಟುಹೋಗಬಾರದು.

ಸ್ಟ್ರೋಕ್ ಎಣಿಸಿ. 25 ಮೀಟರಿಗೆ ಮೊದಲು 30 ಸ್ಟ್ರೋಕ್ ಬೇಕಿತ್ತು, ಈಗ ಅದೇ ಸಮಯದಲ್ಲಿ 25 ಸಾಕು ಅಂದ್ರೆ ತಡೆ ಕಡಿಮೆಯಾಗಿದೆ ಅಂತ ಅರ್ಥ. ವೇಗ ಬರೋ ದಾರಿ ಅದೇ, ದಮ್ಮು ಉಳಿಯೋ ದಾರಿಯೂ ಅದೇ. ಹೊಸಬರಿಗೆ ಇವೆರಡೂ ಬೇರೆ ಬೇರೆ ಪಾಠ ಅಲ್ಲ.

400 ಮೀಟರ್ ನಿಲ್ಲದೆ ಈಜೋಕೆ ಬಂದ ಮೇಲೆ ಗಡಿಯಾರ ಇಟ್ಕೊಳ್ಳಿ. 400 ಮೀಟರಿಗೆ 12 ನಿಮಿಷ ಆಯ್ತು, 200ಕ್ಕೆ 5 ನಿಮಿಷ 40 ಸೆಕೆಂಡ್ ಅನ್ಕೊಳ್ಳಿ. ವ್ಯತ್ಯಾಸ 6 ನಿಮಿಷ 20 ಸೆಕೆಂಡ್. ಅದರ ಅರ್ಧ, 3 ನಿಮಿಷ 10 ಸೆಕೆಂಡ್. ನೀವು ತುಂಬಾ ಹೊತ್ತು ಕಾಯ್ದುಕೊಳ್ಳಬಹುದಾದ ವೇಗ ಸುಮಾರಾಗಿ 100 ಮೀಟರಿಗೆ ಅಷ್ಟು. ಆ ವೇಗದಲ್ಲಿ 100 ಮೀಟರ್ ನಾಲ್ಕೈದು ಸಲ, ನಡುವೆ 20 ಸೆಕೆಂಡ್ ವಿಶ್ರಾಂತಿ. ವಾರಕ್ಕೆ ಒಂದು ದಿನ ಮಾತ್ರ ಜೋರು: 25 ಮೀಟರ್ ಆರು ಸಲ, ಪ್ರತಿ ಸಲ ಒಂದು ನಿಮಿಷ ಪೂರ್ತಿ ವಿಶ್ರಾಂತಿ. ಬಿಪಿ, ಹೃದಯದ ತೊಂದರೆ ಇದ್ದರೆ ಜೋರಿಗೆ ಮೊದಲು ಡಾಕ್ಟರನ್ನು ಕೇಳಿ.

ಬೆಂಗಳೂರಿನ ಶ್ರೀಹರಿ ನಟರಾಜ್ 2021ರಲ್ಲಿ ರೋಮ್‌ನಲ್ಲಿ 100 ಮೀಟರ್ ಬ್ಯಾಕ್‌ಸ್ಟ್ರೋಕನ್ನು 53.77 ಸೆಕೆಂಡಿನಲ್ಲಿ ಮುಗಿಸಿದರು. ಇಲ್ಲೇ ನವಿ ಮುಂಬೈನ ಪ್ರಭಾತ್ ಕೋಳಿ 2023ರಲ್ಲಿ ನ್ಯೂಜಿಲೆಂಡಿನ ಕುಕ್ ಜಲಸಂಧಿ ದಾಟಿ, ಓಷನ್ಸ್ ಸೆವೆನ್ ಅನ್ನೋ ಏಳು ಜಲಸಂಧಿಗಳ ಸವಾಲು ಪೂರೈಸಿದರು. ಇಬ್ಬರೂ ಚಿಕ್ಕಂದಿನಲ್ಲೇ ನೀರಿಗಿಳಿದವರು. ನೋಡಿ ಖುಷಿಪಡೋಣ. ನಮ್ಮ ಅಳತೆಗೋಲು ಮಾತ್ರ ಹೋದ ತಿಂಗಳಿನ ನಮ್ಮದೇ ಸಮಯ ಆಗಿರಲಿ.

ಕೊನೆಗೊಂದು ಗಂಭೀರ ಮಾತು. ಜುಲೈನಲ್ಲಿ ಟೀಮ್ ಔಟಿಂಗ್ ಅಂತ ಕರ್ಜತ್, ಬದ್ಲಾಪುರದ ಕಡೆ ಜಲಪಾತಕ್ಕೆ ಹೋಗ್ತೀವಲ್ಲ, ಕೊಳದಲ್ಲಿ 25 ಮೀಟರ್ ಬಂತು ಅಂತ ಅಲ್ಲಿ ನೀರಿಗೆ ಇಳಿಯಬೇಡಿ. ಅಲ್ಲಿ ಹಿಡಿಯೋಕೆ ಗೋಡೆ ಇಲ್ಲ, ತಳ ಕಾಣೋದಿಲ್ಲ, ಸೆಳೆತ ಇರುತ್ತೆ. ಅದಕ್ಕೇ ನಮ್ಮಂಥವರ ದಮ್ಮಿನ ಮೊದಲ ಪರೀಕ್ಷೆ ದೂರ ಅಲ್ಲ, ನೀರಿನಲ್ಲೇ ಸುಧಾರಿಸಿಕೊಳ್ಳೋದು. ಕೋಚ್ ಎದುರಿಗೇ, ಆಳದ ಕಡೆ, ಗೋಡೆ ಮುಟ್ಟದೆ ಐದು ನಿಮಿಷ ಅಂಗಾತ ತೇಲೋಕೆ, ನಿಂತಲ್ಲೇ ಕಾಲಾಡಿಸಿ ತಲೆ ಮೇಲಿಟ್ಟುಕೊಳ್ಳೋಕೆ ಕಲಿಯಿರಿ. ಉಸಿರು ನೀರಿನಲ್ಲೇ ಹದಕ್ಕೆ ಬರುತ್ತೆ ಅಂತ ದೇಹಕ್ಕೆ ಗೊತ್ತಾದರೆ, 50 ಮೀಟರ್ ಆದ ಮೇಲೂ ಗಾಬರಿ ಇರೋದಿಲ್ಲ.

ಈ ತಿಂಗಳು ಬಿಡಬೇಕು ಅಂದ್ಕೊಂಡಿರೋರು ಇನ್ನೊಂದು ತಿಂಗಳ ಫೀಸ್ ಕಟ್ಟಿ. 25 ಮೀಟರ್ ಎಂಟು ಸಲ, ನಿಧಾನವಾಗಿ, ಗುಳ್ಳೆ ಬಿಡ್ತಾ ಮಾಡಿ ನೋಡಿ.