ಹೊರಗಿನ ಬೆಂಚು



ನಮ್ಮ ಹೆಂಗಸರ ಬಾಯಲ್ಲಿ ಗಂಟು ಎಂದರೆ ಎರಡು. ಸೆರಗಿನ ತುದಿಗೆ ಕಟ್ಟಿಕೊಂಡ ಕಾಸಿನ ಗಂಟು ಒಂದು, ಸ್ನಾನ ಮಾಡುವಾಗ ಎದೆಯಲ್ಲಿ ಕೈಗೆ ಸಿಕ್ಕ ಗಂಟು ಇನ್ನೊಂದು. ಎರಡನ್ನೂ ಒಂದೇ ಥರ ಬಚ್ಚಿಡುತ್ತಾರೆ. ನೋವಿಲ್ಲವಲ್ಲ, ಅಡಿಕೆ ಕೊಯ್ಲು ಮುಗಿಯಲಿ, ಮಗಳ ಮದುವೆಯಾಗಲಿ ಅಂತ. ಸ್ತನ ಕ್ಯಾನ್ಸರಿನ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದೇ ಇಲ್ಲ. ಮೋಸ ಇರುವುದೇ ಅಲ್ಲಿ.

ಇವತ್ತಿನ ನನ್ನ ಮಾತು ಮಾತ್ರ ಅವರ ಜೊತೆಗೆ ಆಸ್ಪತ್ರೆಗೆ ಬರುವವರಿಗೆ. ಚನ್ನಗಿರಿ, ಜಗಳೂರಿನಿಂದ ದಾವಣಗೆರೆಗೆ ಬರುತ್ತಾರೆ; ಹೊನ್ನಾಳಿ, ನ್ಯಾಮತಿಯವರು ಶಿವಮೊಗ್ಗಕ್ಕೂ ಹೋಗುತ್ತಾರೆ; ಕೆಲವರು ರಾತ್ರಿ ಬಸ್ಸು ಹಿಡಿದು 1973ರಲ್ಲಿ ಶುರುವಾದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ. ಗಂಡನ ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರಲ್ಲಿ ರಿಪೋರ್ಟು. ಹೆಂಡತಿ ಡಾಕ್ಟರ ಕೋಣೆಯೊಳಗೆ ಹೋಗುತ್ತಾಳೆ, ಇವನು ಹೊರಗಿನ ಬೆಂಚಿನ ಮೇಲೆ ಕೂರುತ್ತಾನೆ. ‘ಹೆಂಗಸರ ಕಾಯಿಲೆ, ನಮಗೇನು ತಿಳಿಯುತ್ತೆ?’ ಇದನ್ನು ಕೆಟ್ಟತನ ಅನ್ನಲಾರೆ, ಸಂಕೋಚ ಅಷ್ಟೆ. ಆದರೆ ಊರಿಗೆ ಮರಳಿದ ಮೇಲೆ ಆ ಸಂಕೋಚದ ಬೆಲೆ ತೆರುವವಳು ಆಕೆ. ಒಳಗೆ ಡಾಕ್ಟರು ಹೇಳಿದ ಮಾತು ಇವನ ಕಿವಿಗೆ ಬಿದ್ದಿರುವುದೇ ಇಲ್ಲ.

ಕಿಮೋ ನಡೆಯುವಾಗ ಜ್ವರ 100.4 ಡಿಗ್ರಿ ಮುಟ್ಟಿದರೆ ಕಷಾಯ ಕುಡಿಸಿ ಬೆಳಗಿನವರೆಗೆ ನೋಡೋಣ ಎನ್ನುವಂತಿಲ್ಲ. ಬಿಳಿ ರಕ್ತಕಣ ಇಳಿದ ಮೈಯಲ್ಲಿ ಸೋಂಕು ಗಂಟೆಗಳಲ್ಲೇ ಏರುತ್ತದೆ. ಆ ರಾತ್ರಿಯೇ ಆಸ್ಪತ್ರೆಗೆ ಹೊರಡಬೇಕು. ಕಂಕುಳಿನ ಗ್ರಂಥಿ ತೆಗೆದಿದ್ದರೆ ಆ ಕೈಯನ್ನು ಗಾಯವಾಗದಂತೆ ಕಾಯಬೇಕು. ಅಡಿಕೆ ಸುಲಿಯುವ ಕತ್ತಿ ಚೂರು ತಾಗಿದರೂ ಸೋಂಕಾಗಿ ತೋಳು ಬಾತುಕೊಳ್ಳಬಹುದು. ಇದನ್ನು ತಿಳಿಯದ ಮನೆಯಲ್ಲಿ ‘ಸುಮ್ಮನೆ ಕೂತಿದ್ದೀಯಲ್ಲ’ ಅಂತ ಅವಳ ಮುಂದೆ ಅಡಿಕೆ ರಾಶಿ ಸುರಿಯುತ್ತಾರೆ. ಮುಟ್ಟಿದರೆ ಹರಡದ ಕಾಯಿಲೆಗೆ ತಟ್ಟೆ, ಲೋಟ ಬೇರೆ ಮಾಡುವ ಮನೆಗಳೂ ಇವೆ. ಏನು ಹೇಳೋಣ!

ಆಪರೇಷನ್ ಆದವರಿಗೆ ಒಂದು ವ್ಯಾಯಾಮ ಹೇಳಿಕೊಡುತ್ತಾರೆ. ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಇರುವೆ ಹರಿದ ಹಾಗೆ ಮೇಲಕ್ಕೆ ಹತ್ತಿಸಬೇಕು. ಎಲ್ಲಿಗೆ ನಿಂತಿತೋ ಅಲ್ಲೊಂದು ಪೆನ್ಸಿಲ್ ಗೆರೆ. ನಾಲ್ಕು ದಿನ ಬಿಟ್ಟು ನೋಡಿದರೆ ಗೆರೆ ಒಂದು ಬೆರಳಷ್ಟು ಮೇಲೆ. ಸುಣ್ಣ ಹೊಡೆದ ಗೋಡೆ ಹಾಳಾಯಿತು ಅಂತ ಅತ್ತೆ ಗೊಣಗಿದರೆ ಗೊಣಗಲಿ. ಗೆರೆ ಮಾತ್ರ ನೀವೇ ಎಳೆಯಿರಿ.

ಬಿಪಿಎಲ್ ಕುಟುಂಬಕ್ಕೆ ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಚಿಕಿತ್ಸೆಗೆ ವರ್ಷಕ್ಕೆ 5 ಲಕ್ಷದವರೆಗೆ ನೆರವಿದೆ. ಅದರ ಕಾರ್ಡು ಯಾವ ಆಸ್ಪತ್ರೆಯಲ್ಲಿ ನಡೆಯುತ್ತೆ ಅಂತ ವಿಚಾರಿಸುವುದೂ ಜೊತೆಗೆ ಹೋದವರ ಕೆಲಸವೇ.

ಮುಂದಿನ ಸಲ ಬೆಂಚು ಬಿಟ್ಟು ಏಳಿ, ಆಕೆಯ ಜೊತೆ ಒಳಗೆ ಹೋಗಿ. ಅರ್ಥವಾಗದಿದ್ದರೆ ‘ಇನ್ನೊಂದು ಸಲ ಕನ್ನಡದಲ್ಲಿ ಹೇಳಿ ಸಾರ್’ ಅಂತ ಕೇಳಿ.